ಇಂದಿನ ಧಮ್ಮ ಚಿಂತನೆ: ಕಾಡಿನಲ್ಲಿ ಮನೆ, ಮನೆಗೊಂದು ಅಳತೆ





ಕಾಡು ಉಳಿಯಬೇಕಾದರೆ ಜನ ಹೊರಗೆ ಹೋಗಬೇಕು ಎನ್ನುವವರು ಒಂದು ಕಡೆ. ಜನ ಬದುಕಬೇಕಾದರೆ ಕಾಡು ಹೋದರೂ ಸರಿ ಎನ್ನುವವರು ಇನ್ನೊಂದು ಕಡೆ. ನಮ್ಮ ಜಿಲ್ಲೆಗೆ ಈ ಜಗಳ ಹೊಸದಲ್ಲ. ಶರಾವತಿ ಮುಳುಗಡೆಯವರು, ಬಗರ್ ಹುಕುಂ ಸಾಗುವಳಿದಾರರು, ಕಾಡಂಚಿನ ನಮ್ಮ ಕೇರಿಗಳವರು, ಎಲ್ಲರಿಗೂ ಇದು ಅನ್ನದ ಪ್ರಶ್ನೆ. ಕಾಡನ್ನು ಕೆಡಿಸದೆ ಕಾಡಿನೊಳಗೆ ಊರು ಕಟ್ಟಿಕೊಂಡು ಬಾಳಬಹುದೇ? ಧಮ್ಮ ಇದಕ್ಕೆ ಏನು ಹೇಳುತ್ತದೆ?

*1. ಆಳವಿಯ ಪಾಠ*

ವಿನಯ ಪಿಟಕದಲ್ಲಿ ಆಳವಿ ಎಂಬ ಊರಿನ ಪ್ರಸಂಗವಿದೆ. ಅಲ್ಲಿನ ಭಿಕ್ಖುಗಳು ತಮಗಾಗಿ ಕುಟಿ ಕಟ್ಟಿಕೊಳ್ಳಲು ಹೊರಟರು. ಅಳತೆಯೇ ಇರಲಿಲ್ಲ. ಆಳು ಕೊಡಿ, ಎತ್ತು ಕೊಡಿ, ಗಾಡಿ ಕೊಡಿ, ಕೊಡಲಿ ಕೊಡಿ ಎಂದು ಊರವರನ್ನು ಬೇಡಿ ಬೇಡಿ ಬೇಸರಪಡಿಸಿದರು. ಕೊನೆಗೆ ಜನ ದೂರದಲ್ಲಿ ಹಸು ಕಂಡರೂ ಭಿಕ್ಖು ಬಂದನೆಂದು ಓಡಿಹೋಗುತ್ತಿದ್ದರಂತೆ. ಮಹಾಕಸ್ಸಪರಿಂದ ವಿಷಯ ತಿಳಿದ ಭಗವಾನ್ ಬುದ್ಧರು ನಿಯಮ ಮಾಡಿದರು. ದಾನಿಯಿಲ್ಲದೆ, ಬೇಡಿ ತಂದದ್ದರಿಂದ ತನಗಾಗಿ ಕಟ್ಟಿಕೊಳ್ಳುವ ಕುಟಿಗೆ ನಾಲ್ಕು ಷರತ್ತು:

▪️ ಉದ್ದ 12 ಗೇಣು, ಅಗಲ 7 ಗೇಣು ಮೀರಬಾರದು (ಸುಗತರ ಗೇಣಿನ ಲೆಕ್ಕ).
▪️ ಆ ಜಾಗ ಇರುವೆ, ಗೆದ್ದಲು, ಇಲಿ, ಹಾವಿನಿಂದ ಹಿಡಿದು ಆನೆ, ಹುಲಿ, ಕರಡಿಯವರೆಗೆ ಯಾವ ಜೀವಿಯ ನೆಲೆಯೂ ಆಗಿರಬಾರದು.
▪️ ಸುತ್ತಲೂ ಓಡಾಡಲು ಜಾಗ ಬಿಟ್ಟಿರಬೇಕು.
▪️ ಕಟ್ಟುವ ಮೊದಲು ಸಂಘ ಆ ಜಾಗವನ್ನು ನೋಡಿ ಒಪ್ಪಬೇಕು.

ಇದನ್ನು ಮೀರುವುದು ಸಣ್ಣ ತಪ್ಪಲ್ಲ. ಭಿಕ್ಖುವನ್ನು ಸಂಘದಿಂದಲೇ ಹೊರಹಾಕುವ ಪಾರಾಜಿಕದ ನಂತರ ಬರುವ ಗಂಭೀರ ವರ್ಗವಾದ ಸಂಘಾದಿಸೇಸದಲ್ಲಿ ಇದು ಸೇರಿದೆ.

ದೊಡ್ಡ ದಾನಿಯೊಬ್ಬ ಕಟ್ಟಿಸಿಕೊಡುವ ವಿಹಾರಕ್ಕೆ ಗೇಣಿನ ಮಿತಿ ಇಲ್ಲ. ಆದರೆ ಜಾಗವನ್ನು ಸಂಘ ನೋಡಿ ಒಪ್ಪುವುದು ಅಲ್ಲಿಯೂ ಕಡ್ಡಾಯ. ಕೋಸಂಬಿಯಲ್ಲಿ ಛನ್ನ ಎಂಬ ಭಿಕ್ಖು ವಿಹಾರದ ನೆಲ ಹಸನು ಮಾಡುವಾಗ ಊರವರೆಲ್ಲ ಗೌರವಿಸುತ್ತಿದ್ದ ಮರವನ್ನೇ ಕಡಿಸಿದ್ದರಿಂದ ಈ ನಿಯಮ ಬಂತು. ದುಡ್ಡಿದ್ದವರಿಗೂ ಒಪ್ಪಿಗೆಯಿಂದ ವಿನಾಯಿತಿ ಇಲ್ಲ!

ಆಳವಿಯದೇ ಇನ್ನೊಂದು ಪ್ರಸಂಗ. ಕಟ್ಟಡದ ಕೆಲಸಕ್ಕೆ ಮರ ಕಡಿಯುತ್ತಿದ್ದ ಭಿಕ್ಖುವಿಗೆ, ನಿನ್ನ ಮನೆಗಾಗಿ ನನ್ನ ಮನೆ ಕೆಡವಬೇಡ ಎಂದು ಮರದ ದೇವತೆ ಕೇಳಿಕೊಂಡಳು. ಅವನು ನಿಲ್ಲಿಸಲಿಲ್ಲ. ಕೊಡಲಿ ಅವಳ ಮಗುವಿನ ತೋಳಿಗೆ ತಗುಲಿತು. ಸಿಟ್ಟು ತಡೆದುಕೊಂಡು ಅವಳು ಬುದ್ಧರ ಬಳಿಗೆ ಬಂದಳು. ಬುದ್ಧರು ಅವಳ ಸಂಯಮವನ್ನು ಮೆಚ್ಚಿ, ಖಾಲಿಯಿದ್ದ ಇನ್ನೊಂದು ಮರವನ್ನು ತೋರಿಸಿದರು. ಗಿಡಮರಗಳನ್ನು ಹಾಳುಮಾಡುವುದು ಭಿಕ್ಖುಗಳಿಗೆ ದೋಷವೆಂದು ವಿಧಿಸಿದರು. ಬಾಬಾಸಾಹೇಬರ ಹಾದಿಯಲ್ಲಿ ನಡೆಯುವ ನಮಗೆ ದೇವತೆ ಪೂಜೆಯ ವಸ್ತುವಲ್ಲ. ನಮಗಿಂತ ಮೊದಲೇ ಅಲ್ಲಿ ಮನೆ ಮಾಡಿದ್ದ ಜೀವ ಎಂದು ಓದಿಕೊಳ್ಳೋಣ. ಅರ್ಥ ಆಗ ಸ್ಪಷ್ಟವಾಗುತ್ತದೆ.

ಗಮನಿಸಿ: ಕಾಡಿನಲ್ಲಿ ಇರಲೇಬೇಡಿ ಎಂದು ಬುದ್ಧರು ಹೇಳಲಿಲ್ಲ. *ಎಷ್ಟು, ಎಲ್ಲಿ, ಯಾರ ಒಪ್ಪಿಗೆಯಿಂದ* ಎಂದು ಕೇಳಿದರು.

*2. ಇದೇ ಮೂರು ಪ್ರಶ್ನೆ ಕಾನೂನಿನಲ್ಲಿ*

2006ರ ಅರಣ್ಯ ಹಕ್ಕು ಕಾಯ್ದೆಯನ್ನು ಈ ಕಣ್ಣಿನಿಂದ ಓದಿ. ಕಾಡಿನೊಳಗಿನ ಊರಿಗೆ ಶಾಲೆ, ಅಂಗನವಾಡಿ, ಔಷಧಾಲಯ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರು, ವಿದ್ಯುತ್ ಲೈನು, ರಸ್ತೆ ಕೊಡಬಹುದು. ಎಷ್ಟು? ಒಂದೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರದಂತೆ. ಯಾರ ಒಪ್ಪಿಗೆ? ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಸಾಗುವಳಿ ಹಕ್ಕಿಗೂ ಮಿತಿ ಇದೆ: 4 ಹೆಕ್ಟೇರು. ಕಾಡು, ವನ್ಯಜೀವಿ, ನೀರಿನ ಮೂಲಗಳನ್ನು ಕಾಯುವ ಹೊಣೆಯನ್ನೂ ಇದೇ ಕಾಯ್ದೆ ಹಕ್ಕುದಾರರಿಗೆ, ಗ್ರಾಮಸಭೆಗೆ ವಹಿಸಿದೆ.

*3. ಬಿಳಿಗಿರಿರಂಗನ ಬೆಟ್ಟ ಮತ್ತು ಭದ್ರಾ*

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಪೋಡುಗಳಲ್ಲಿ ಬಾಳುವವರು. 1974ರಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ ಅವರ ಬೇಸಾಯ, ಬೇಟೆ, ತರಗಿಗೆ ಹಾಕುತ್ತಿದ್ದ ಬೆಂಕಿ ಎಲ್ಲ ನಿಂತವು. ಸಣ್ಣ ತರಗು ಬೆಂಕಿ ನಿಂತಿದ್ದರಿಂದಲೇ ಲಂಟಾನ ಕಾಡನ್ನೆಲ್ಲ ಮುಚ್ಚಿಕೊಂಡಿತು ಎಂಬುದು ಸೋಲಿಗರ ಅನುಭವದ ಮಾತು. ಅಧ್ಯಯನ ಮಾಡಿದವರೂ ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಹುಲಿಗೂ ಜಾಗ, ಪೋಡಿಗೂ ಜಾಗ.

ನಮ್ಮ ಪಕ್ಕದ ಭದ್ರಾ ಅಭಯಾರಣ್ಯದಲ್ಲಿ ಬೇರೆ ದಾರಿ ಹಿಡಿದರು. 2001-02ರ ಹೊತ್ತಿಗೆ 419 ಕುಟುಂಬಗಳು ಹೊರಬಂದವು. ಹಲವರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದರು. ಹೊರಬರುವುದೂ ಒಂದು ದಾರಿಯೇ. ಆದರೆ ಮನೆ, ಜಮೀನು, ಶಾಲೆ ಮೊದಲು ಕಣ್ಣಿಗೆ ಕಾಣಬೇಕು. ಹೋಗುವವರು ತಿಳಿದು, ಮನಸ್ಸಿಟ್ಟು ಒಪ್ಪಬೇಕು. ಇಂದಿನ ಕಾನೂನೂ ಗ್ರಾಮಸಭೆಯ ಮುಕ್ತ ಸಮ್ಮತಿಯಿಲ್ಲದೆ ಎಬ್ಬಿಸಬಾರದು ಎನ್ನುತ್ತದೆ.

*4. ನಮ್ಮ ಕಾಗದನಗರದ ಲೆಕ್ಕ*

1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೆ ಕಾಡಿನ ಬಿದಿರು, ಭದ್ರೆಯ ನೀರು ಎರಡೂ ಬೇಕಾಗಿದ್ದವು. ಅದರಿಂದ ಸಾವಿರಾರು ಮನೆಗಳ ಒಲೆ ಉರಿಯಿತು, ಇದನ್ನು ಮರೆಯಬಾರದು. ಆಮೇಲೆ ಕಾರ್ಖಾನೆಗೆಂದು 20 ಸಾವಿರ ಹೆಕ್ಟೇರಿಗೂ ಹೆಚ್ಚು ಅರಣ್ಯ ಭೂಮಿಯನ್ನು ಗುತ್ತಿಗೆಗೆ ಕೊಟ್ಟು ಅಕೇಶಿಯಾ, ನೀಲಗಿರಿ ಬೆಳೆಸಲಾಯಿತು. 2015ರಲ್ಲಿ ಉತ್ಪಾದನೆ ನಿಂತಿತು. ಗುತ್ತಿಗೆಯ ಅವಧಿ ಮುಗಿದಾಗ, 2020ರಲ್ಲಿ, ಅದನ್ನು ಮತ್ತೆ 40 ವರ್ಷಕ್ಕೆ ವಿಸ್ತರಿಸಲಾಯಿತು. ನಮ್ಮೂರಿಗೆ ಅಕೇಶಿಯಾ ಬೇಡ ಎಂದು ಮಲೆನಾಡಿನ ಜನ ಎದ್ದು ನಿಂತದ್ದು ಇದಕ್ಕೇ.

ಬಡವನ ಸಾಗುವಳಿಗೆ 4 ಹೆಕ್ಟೇರಿನ ಮಿತಿ, ಅವನ ಊರಿನ ಶಾಲೆಗೆ 75 ಮರದ ಮಿತಿ. ನಿಂತುಹೋದ ಯಂತ್ರಗಳಿಗೆ 20 ಸಾವಿರ ಹೆಕ್ಟೇರು, ಅದೂ ಯಾವ ಗ್ರಾಮಸಭೆಯನ್ನು ಕೇಳಿ? ಕಾಡಿನ ಮಡಿಲಲ್ಲಿ ಎಂದು ಜಾಹೀರಾತು ಕೊಡುವ ರೆಸಾರ್ಟುಗಳಿಗೂ ಈ ಪ್ರಶ್ನೆ ಸಲ್ಲುತ್ತದೆ. ಅಳತೆ ಎಲ್ಲರಿಗೂ ಒಂದೇ ಆಗದಿದ್ದರೆ ಅದು ಸಂರಕ್ಷಣೆಯಲ್ಲ, ಹೊಸ ಹೆಸರಿನ ಅಸಮಾನತೆ.

*5. ನಮ್ಮ ಹಕ್ಕು, ನಮ್ಮ ಸಂಯಮ*

ಬಾಬಾಸಾಹೇಬರು 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಗ್ರಂಥದಲ್ಲಿ, ಸಾಗುವಳಿಯಾಗದ ಸರ್ಕಾರಿ ಭೂಮಿಯಲ್ಲಿ ಪರಿಶಿಷ್ಟ ಜಾತಿಗಳಿಗೆ ಪ್ರತ್ಯೇಕ ಹಳ್ಳಿಗಳನ್ನು ಕಟ್ಟಿಕೊಡಲು ಒಂದು ಆಯೋಗ ಬೇಕೆಂದು ಕೇಳಿದ್ದರು. ನೆಲ ಕೇಳುವುದು ನಮಗೆ ಭಿಕ್ಷೆಯಲ್ಲ.

ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಜಾತಿಯವರು 'ಇತರೆ ಪಾರಂಪರಿಕ ಅರಣ್ಯವಾಸಿ'ಗಳ ಸಾಲಿಗೆ ಬರುತ್ತಾರೆ. 13 ಡಿಸೆಂಬರ್ 2005ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿ ಕಾಡನ್ನೇ ನಂಬಿದ್ದೆವೆಂದು ತೋರಿಸಬೇಕು. ಓದಲು ಬಿಡದ ಜನಕ್ಕೆ ಕಾಗದ ಎಲ್ಲಿಂದ ಬರಬೇಕು? ಆದರೆ ನಿಯಮ 13 ಕಾಗದವನ್ನಷ್ಟೇ ಕೇಳುವುದಿಲ್ಲ. ಹಿರಿಯರ ಬರೆದುಕೊಂಡ ಹೇಳಿಕೆ, ಹಳೆಯ ಬಾವಿ, ಸಮಾಧಿ ಸ್ಥಳ, ಒಡ್ಡು, ಮನೆಯ ಕುರುಹು, ಇವೂ ಸಾಕ್ಷಿಯೇ. ಒಂದಕ್ಕಿಂತ ಹೆಚ್ಚು ಸಾಕ್ಷಿ ಇರಬೇಕು. ನಿಮ್ಮ ಅಜ್ಜಿಯ ನೆನಪನ್ನು ಇವತ್ತೇ ಬರೆದಿಡಿ. ನಾಳೆ ಆ ಬಾಯಿ ಇರುವುದಿಲ್ಲ.

ಹಾಗೆಯೇ 22 ಪ್ರತಿಜ್ಞೆಗಳಲ್ಲಿ 10ನೆಯದು ಸಮಾನತೆಯನ್ನು ಸ್ಥಾಪಿಸಲು ದುಡಿಯುವುದು, 13ನೆಯದು ಎಲ್ಲ ಜೀವಿಗಳ ಮೇಲೆ ಕರುಣೆಯಿಟ್ಟು ಸಲಹುವುದು. ಎರಡನ್ನೂ ನಾವು ಒಂದೇ ಬಾಯಲ್ಲಿ ಹೇಳಿದ್ದೇವೆ. ಹಕ್ಕುಪತ್ರ ಕೈಗೆ ಬಂದ ದಿನ ಕೊಡಲಿ ಹಿಡಿದು ಮಿತಿ ಮೀರಿದರೆ 13ನೆಯದು ಮುರಿಯುತ್ತದೆ. ಕಾಡಿನ ಹೆಸರು ಹೇಳಿ ಬಡವನ ಗುಡಿಸಲು ಕಿತ್ತಾಗ ಸುಮ್ಮನಿದ್ದರೆ 10ನೆಯದು ಮುರಿಯುತ್ತದೆ.

*ಇಂದಿನ ಅಭ್ಯಾಸ* 🌿
ಐದು ನಿಮಿಷ ಆನಾಪಾನ. ಬಳಿಕ ಮನೆಯವರೊಂದಿಗೆ ಚರ್ಚಿಸಿ:
1) ನನಗೆ ನಿಜವಾಗಿ ಎಷ್ಟು ಜಾಗ ಸಾಕು?
2) ನಾನು ಕಟ್ಟುವ ಜಾಗದಲ್ಲಿ ಮೊದಲೇ ಇದ್ದ ಜೀವ ಯಾವುದು? ಬುದ್ಧರು ತೋರಿಸಿದಂಥ 'ಖಾಲಿ ಮರ', ಅಂದರೆ ಈಗಾಗಲೇ ಬಯಲಾದ ನೆಲ, ಹತ್ತಿರದಲ್ಲಿ ಇದೆಯೇ?
3) ಮುಂದಿನ ಗ್ರಾಮಸಭೆಗೆ ನಮ್ಮ ಮನೆಯಿಂದ ಯಾರು ಹೋಗುತ್ತಾರೆ? ಹೆಣ್ಣುಮಕ್ಕಳು ಹೋಗುತ್ತಾರೆಯೇ?

ಓದಿ, ಕೇರಿಯ ಹಿರಿಯರಿಗೂ ಓದಿ ಹೇಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್. 🙏