ಐದು ಎಚ್‌ಪಿ ಮೋಟಾರು ಎಳೆಯುವ ಕರೆಂಟು

ಮೋಟಾರಿನ ಫಲಕದ ಮೇಲೆ ಬರೆದ ಎಚ್‌ಪಿ, ಶಾಫ್ಟಿನಲ್ಲಿ ಅದು ಕೊಡಬಲ್ಲ ಶಕ್ತಿ. ತಂತಿಯಿಂದ ಎಳೆದುಕೊಳ್ಳುವ ಶಕ್ತಿಯಲ್ಲ. ಲೆಕ್ಕ ದಾರಿ ತಪ್ಪುವುದು ಬಹುತೇಕ ಇಲ್ಲಿಂದಲೇ. ಒಂದು ಎಚ್‌ಪಿಗೆ 746 ವ್ಯಾಟ್, ಐದಕ್ಕೆ 3.73 ಕಿಲೋವ್ಯಾಟ್. ಮೋಟಾರಿನ ದಕ್ಷತೆ ಶೇ 75 ಎಂದು ಹಿಡಿದರೆ 3.73ನ್ನು 0.75ರಿಂದ ಭಾಗಿಸಬೇಕು. ಪೂರ್ತಿ ಲೋಡಿನಲ್ಲಿ ಅದು ಸುಮಾರು 5 ಕಿಲೋವ್ಯಾಟ್ ಎಳೆಯುತ್ತದೆ. ತಾಸಿಗೆ 5 ಯೂನಿಟ್.

ಪೂರ್ತಿ ಲೋಡು ಎಂಬ ಮಾತನ್ನು ಮರೆಯುವಂತಿಲ್ಲ. ಗದಗ ತಾಲ್ಲೂಕಿನ ಕಳಸಾಪುರದಂಥ ಊರಲ್ಲಿ ಬೋರಿಗೆ ಇಳಿಸಿದ ಮೋಟಾರು ಎಷ್ಟು ಎಳೆಯಬೇಕು ಎಂಬುದನ್ನು ಫಲಕ ನಿರ್ಧರಿಸುವುದಿಲ್ಲ. ಅದಕ್ಕೆ ಜೋಡಿಸಿದ ಪಂಪು ಮತ್ತು ನೀರಿನ ಮಟ್ಟ ನಿರ್ಧರಿಸುತ್ತವೆ. ಹಾಗಾಗಿ ಅಳೆಯುವುದೇ ಸರಿ. ತ್ರೀಫೇಸ್ ಮೋಟಾರಿಗೆ ವೋಲ್ಟೇಜನ್ನು ಆಂಪ್ಸ್‌ನಿಂದ ಗುಣಿಸಿ, ಬಂದದ್ದನ್ನು 1.732ರಿಂದಲೂ ಪವರ್ ಫ್ಯಾಕ್ಟರಿನಿಂದಲೂ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಸ್ಟಾರ್ಟರ್ ಡಬ್ಬಿಯ ಮುಳ್ಳುಗಳು 400 ವೋಲ್ಟ್, 7 ಆಂಪ್ಸ್ ತೋರಿಸಿ, ಪವರ್ ಫ್ಯಾಕ್ಟರ್ 0.85 ಇದ್ದರೆ 4.12 ಕಿಲೋವ್ಯಾಟ್ ಆಯಿತು. ಫಲಕದ ಲೆಕ್ಕಕ್ಕಿಂತ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್ ಕಡಿಮೆ.

ಅಳೆಯುವ ಹೊತ್ತೂ ಮುಖ್ಯ. ತ್ರೀಫೇಸ್ ಬಂದ ಕೂಡಲೇ ಒಂದು ಟ್ರಾನ್ಸ್‌ಫಾರ್ಮರಿನ (ಟಿ.ಸಿ.) ಮೇಲಿನ ಪಂಪುಗಳೆಲ್ಲ ಆಟೋ ಸ್ಟಾರ್ಟರಿನಿಂದ ಒಟ್ಟಿಗೇ ಶುರುವಾಗುತ್ತವೆ. ಆಗ ವೋಲ್ಟೇಜು ಕುಸಿಯುತ್ತದೆ, ಆಂಪ್ಸು ಏರುತ್ತದೆ. ಆ ಗಳಿಗೆಯ ಓದು ಇಡೀ ದಿನಕ್ಕೆ ಸಲ್ಲದು. ಮೋಟಾರು ಒಂದು ಹದಕ್ಕೆ ಬಂದ ಮೇಲೆ ಮೂರೂ ಫೇಸಿನ ಆಂಪ್ಸನ್ನು ಬೇರೆಬೇರೆಯಾಗಿ ನೋಡಿ ಸರಾಸರಿ ತೆಗೆಯಬೇಕು. ಒಂದೇ ಫೇಸು ನೋಡಿ ಲೆಕ್ಕ ಹಾಕಿದ್ದನ್ನು ನಾವು ನಂಬುವುದನ್ನು ಬಿಟ್ಟದ್ದು, ಮೂರರ ನಡುವಿನ ಅಂತರ ಕಣ್ಣಾರೆ ಕಂಡ ಮೇಲೆಯೇ.

ಬರೀ ಆಂಪ್ಸ್ ನೋಡಿದರೆ ಎಷ್ಟು ಮೋಸಹೋಗಬಹುದು ಎಂಬುದು ಹಿಟ್ಟಿನ ಗಿರಣಿಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಜೋಳ ಹಾಕದೆ ಗಿರಣಿ ಸುಮ್ಮನೆ ತಿರುಗುವಾಗಲೂ ಮುಳ್ಳು ಪೂರ್ತಿ ಲೋಡಿನ ಮೂರನೇ ಒಂದು ಭಾಗಕ್ಕೂ ಮೇಲೆ ನಿಲ್ಲುವುದುಂಟು. ಆದರೆ ಆಗ ಪವರ್ ಫ್ಯಾಕ್ಟರ್ ತೀರಾ ಇಳಿದಿರುತ್ತದೆ, ಯೂನಿಟ್ ಓಡುವುದು ಅಲ್ಪ. ಗಿರಣಿಗೆ ಮೀಟರಿದೆ, ಅದು ದೊಡ್ಡ ಅನುಕೂಲ. ಮೀಟರಿನ ಕೆಂಪು ದೀಪ ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಎಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಅದು 800 ಎಂದಿದ್ದು, ಒಂದು ನಿಮಿಷದಲ್ಲಿ 40 ಸಲ ಮಿನುಗಿದರೆ ತಾಸಿಗೆ 2,400 ಸಲ. ಅಂದರೆ 3 ಯೂನಿಟ್. ಬೇರೆ ಯಾವ ಮೋಟಾರೂ ದೀಪವೂ ಆ ಮೀಟರಿನ ಮೇಲೆ ಓಡದಂತೆ ನೋಡಿಕೊಂಡರೆ ಇದಕ್ಕಿಂತ ನಂಬಿಕೆಯ ಲೆಕ್ಕ ಮತ್ತೊಂದಿಲ್ಲ.

ಪಂಪಿನಲ್ಲಿ ನೀರನ್ನೂ ಅಳೆಯದೆ ಲೆಕ್ಕ ಪೂರ್ತಿಯಾಗದು. 200 ಲೀಟರಿನ ಬ್ಯಾರಲ್ 100 ಸೆಕೆಂಡಿನಲ್ಲಿ ತುಂಬಿದರೆ ತಾಸಿಗೆ 7,200 ಲೀಟರ್. 4.12 ಕಿಲೋವ್ಯಾಟಿನ ಮೋಟಾರು ಆಗ ಸಾವಿರ ಲೀಟರಿಗೆ 0.57 ಯೂನಿಟ್ ತೆಗೆದುಕೊಂಡಿತು. ಬ್ಯಾಸಗ್ಯಾಗ ಬೋರಿನ ನೀರು ಕೆಳಗೆ ಹೋದರೆ ಆಂಪ್ಸು ಇಳಿಯುವುದೇ ಹೆಚ್ಚು, ಏಕೆಂದರೆ ಪಂಪು ಎತ್ತುವ ನೀರೇ ಕಡಿಮೆಯಾಗಿರುತ್ತದೆ. ಅದೇ ಬ್ಯಾರಲ್ ತುಂಬಲು 160 ಸೆಕೆಂಡು ಹಿಡಿದು, ಮೋಟಾರು 3.6 ಕಿಲೋವ್ಯಾಟ್ ಎಳೆದರೆ ಸಾವಿರ ಲೀಟರಿಗೆ 0.8 ಯೂನಿಟ್. ಮುಳ್ಳು ಇಳಿಯಿತೆಂದು ಹಿಗ್ಗುವಾಗಲೇ ನೀರು ತುಟ್ಟಿಯಾಗಿರುತ್ತದೆ! ಉಳ್ಳಾಗಡ್ಡಿ, ಮೆಣಸಿನಕಾಯಿಗೆ ನೀರು ಕಟ್ಟುವವರು ಗಮನಿಸಬೇಕಾದ ಅಂಕಿ ಇದೇ.

ಉಳಿದದ್ದು ತಾಸು. ತ್ರೀಫೇಸ್ ಬರುವ ಅವಧಿಯನ್ನೇ ಮೋಟಾರು ಓಡಿದ ಅವಧಿ ಎಂದು ಬರೆದುಕೊಂಡರೆ ಮೇಲಿನ ಎಲ್ಲ ಜತನವೂ ನೀರಿನಲ್ಲಿ ಮಾಡಿದ ಹೋಮ. ನಡುವೆ ಕರೆಂಟು ಹೋಗುತ್ತದೆ, ನೀರು ನಿಂತು ಡ್ರೈ ರನ್ ಸಾಧನ ಮೋಟಾರನ್ನು ಬಂದ್ ಮಾಡುತ್ತದೆ. ಫಲಕ ನೋಡಿ ದಿನಕ್ಕೆ 7 ತಾಸಿನಂತೆ 90 ದಿನಕ್ಕೆ ಹಿಡಿದರೆ 3,150 ಯೂನಿಟ್. ಅಳೆದ 4.12 ಕಿಲೋವ್ಯಾಟನ್ನು ನಿಜವಾಗಿ ಓಡಿದ 5 ತಾಸಿಗೆ ಗುಣಿಸಿದರೆ ಅದೇ 90 ದಿನಕ್ಕೆ 1,854. ಸ್ಟಾರ್ಟರ್ ಡಬ್ಬಿಗೆ ತಾಸು ಎಣಿಸುವ ಸಣ್ಣ ಮೀಟರೊಂದನ್ನು ಜೋಡಿಸಿದರೆ ಈ ಗೊಂದಲವಿರದು.

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ಕರೆಂಟು ಉಚಿತ, ಬಹುಪಾಲು ಪಂಪುಗಳಿಗೆ ಮೀಟರಿಲ್ಲ. ಆದ್ದರಿಂದ ಗದಗ ಜಿಲ್ಲೆಗೆ ವಿದ್ಯುತ್ ಹಂಚುವ ಹೆಸ್ಕಾಂ ಸೇರಿದಂತೆ ಎಲ್ಲ ಕಂಪನಿಗಳೂ ಕೃಷಿ ಫೀಡರಿನ ಮೀಟರ್ ಓದಿ, ತಂತಿಯ ನಷ್ಟ ಕಳೆದು, ಉಳಿದದ್ದನ್ನು ಪಂಪುಗಳ ಸಂಖ್ಯೆಗೆ ಹಂಚಿ ಸರಾಸರಿ ತೆಗೆಯುತ್ತವೆ. ಸಬ್ಸಿಡಿಯ ಲೆಕ್ಕಕ್ಕೆ ಈ ಸರಾಸರಿ ಬೇಕು. ಬತ್ತಿದ ಬೋರೂ ತುಂಬಿದ ಬೋರೂ ಅದರಲ್ಲಿ ಒಂದೇ ಸಾಲಿನಲ್ಲಿ ಕೂರುವುದರಿಂದ, ಒಂದು ಹೊಲದ ಮೋಟಾರಿನ ಲೆಕ್ಕವನ್ನು ಆ ಹೊಲದ ಸ್ಟಾರ್ಟರ್ ಡಬ್ಬಿಯ ಮುಂದೆಯೇ ಹಾಕಬೇಕಾಗುತ್ತದೆ.