ಹೇಳಿ ಬರೆಸುವ ಕೇಸ್ ಶೀಟ್: ಸಣ್ಣ ಕ್ಲಿನಿಕ್‌ಗೆ ಮೊದಲ ಪಾಠ

ರೋಗಿಗಳ ಸಾಲು ಬೆಳೆದಷ್ಟೂ ಕೇಸ್ ಶೀಟ್ ಮೊಟಕಾಗುತ್ತದೆ. ಮಾತನ್ನು ಅಕ್ಷರವಾಗಿಸುವ ಸಾಫ್ಟ್‌ವೇರ್ ಟೈಪಿಂಗ್ ಶ್ರಮ ಉಳಿಸುತ್ತದೆ. ಆದರೆ ದಾಖಲೆಯ ಹೊಣೆ ಸಹಿ ಹಾಕುವ ವೈದ್ಯರದೇ. ಆದ್ದರಿಂದ ಹೇಳುವುದು, ಓದಿ ತಿದ್ದುವುದು, ಸಹಿ ಹಾಕುವುದು ಮೂರು ಬೇರೆ ಕೆಲಸಗಳಾಗಿಯೇ ಇರಲಿ.

ಹಂತ 1: ಕಲ್ಪಿತ ರೋಗಿಯೊಂದಿಗೆ ಅಭ್ಯಾಸ
ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಎಚ್ ಒತ್ತಿದರೆ ವಾಯ್ಸ್ ಟೈಪಿಂಗ್ ತೆರೆದುಕೊಳ್ಳುತ್ತದೆ. ಇಂಥ ಸೌಲಭ್ಯಗಳು ಸಾಮಾನ್ಯವಾಗಿ ಧ್ವನಿಯನ್ನು ಇಂಟರ್‌ನೆಟ್ ಮೂಲಕ ಹೊರಗೆ ಕಳಿಸುತ್ತವೆ. ಅದು ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂದು ಕಂಪನಿಯಿಂದ ಬರಹದಲ್ಲಿ ತಿಳಿಯುವವರೆಗೆ ನಿಜವಾದ ರೋಗಿಯ ವಿವರ ಹೇಳಬೇಡಿ.

ಹಂತ 2: ಮೈಕ್
ಹೆಡ್‌ಸೆಟ್ ಮೈಕ್ ಬಳಸಿ. ಉಸಿರು ತಾಗದಂತೆ ತುಟಿಯ ಪಕ್ಕಕ್ಕಿರಲಿ. ಫ್ಯಾನ್ ಗಾಳಿಯೂ ಅದಕ್ಕೆ ಬಡಿಯಬಾರದು.

ಹಂತ 3: ಟೆಂಪ್ಲೇಟ್
ರೋಗಿಯ ದೂರು, ತಪಾಸಣೆ, ರೋಗನಿರ್ಣಯ, ಚಿಕಿತ್ಸೆ: ಈ ನಾಲ್ಕು ಖಾನೆ ಸಾಕು. ಒಂದು ಖಾನೆಗೆ ಒಂದೇ ಭಾಷೆ ಆರಿಸಿ. ಕನ್ನಡ, ಇಂಗ್ಲಿಷ್ ಬೆರೆತರೆ ಸಾಫ್ಟ್‌ವೇರ್ ಎಡವುವುದು ಹೆಚ್ಚು.

ಹಂತ 4: ಅಪಾಯದ ಪದಗಳು
ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ.
• ‘ಫಿಫ್ಟೀನ್’, ‘ಫಿಫ್ಟಿ’ ಅದಲುಬದಲಾಗುತ್ತವೆ. ‘ಒನ್ ಫೈವ್’ ಎಂದು ಬಿಡಿಸಿ ಹೇಳಿ.
• ‘ಹೈಪೋ’, ‘ಹೈಪರ್’ ಬಂದಾಗ ಬಿಪಿ ಅಥವಾ ಶುಗರ್ ಅಂಕಿಯನ್ನೂ ಸೇರಿಸಿ. ಪದ ತಪ್ಪಿದರೆ ಅಂಕಿ ಹಿಡಿದುಕೊಡುತ್ತದೆ.
• ‘ನೋ ಅಲರ್ಜಿ’ಯಲ್ಲಿ ‘ನೋ’ ಬಿಟ್ಟುಹೋದರೆ ಅರ್ಥವೇ ತಿರುಗುಮುರುಗು. ಇದನ್ನು ಹೇಳಬೇಡಿ, ಟಿಕ್ ಮಾಡಿ.
• ಥೈರಾಯ್ಡ್ ಮಾತ್ರೆ ಲೆವೊಥೈರಾಕ್ಸಿನ್ ಪ್ರಮಾಣ ಮೈಕ್ರೊಗ್ರಾಂನಲ್ಲಿರುತ್ತದೆ. ಅದು ಮಿಲಿಗ್ರಾಂ ಆದರೆ ಸಾವಿರ ಪಟ್ಟು ವ್ಯತ್ಯಾಸ. ಔಷಧಿಯ ಹೆಸರು, ಪ್ರಮಾಣಗಳನ್ನು ಪಟ್ಟಿಯಿಂದಲೇ ಆರಿಸಿ.

ಹಂತ 5: ಕಡತದ ದಾರಿ
ರಿಸೆಪ್ಷನ್‌ನಲ್ಲಿ ಹೆಸರು, ವಯಸ್ಸು, ಇದ್ದರೆ 14 ಅಂಕಿಯ ಆಭಾ ಸಂಖ್ಯೆ. ನರ್ಸ್ ಬಳಿ ಬಿಪಿ, ತೂಕ. ನಂತರ ವೈದ್ಯರ ಕರಡು. ವೈದ್ಯರು ಓದಿ ಸಹಿ ಹಾಕಿದ ಮೇಲಷ್ಟೇ ಪ್ರಿಸ್ಕ್ರಿಪ್ಷನ್ ಪ್ರಿಂಟ್ ಆಗುವಂತೆ ಸಾಫ್ಟ್‌ವೇರ್ ಹೊಂದಿಸಿ. ಸಹಿಯಾದ ಕಡತ ಲಾಕ್ ಆಗಲಿ. ತಿದ್ದುಪಡಿ ಬೇಕಾದರೆ ಹಳೆಯದನ್ನು ಅಳಿಸದೆ, ದಿನಾಂಕ ಹಾಕಿ ಕೆಳಗೆ ಸೇರಿಸಿ. ಎಲ್ಲರಿಗೂ ಬೇರೆ ಬೇರೆ ಲಾಗಿನ್ ಇರಲಿ.

ಹಂತ 6: ಕಾಪಿಡುವುದು
ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಇಡಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬ್ಯಾಕಪ್ ಮಾಡಿದರೆ ಸಾಲದು, ಅದರಿಂದ ಹಳೆಯ ಕಡತವೊಂದನ್ನು ಆಗಾಗ ತೆರೆದು ನೋಡಿ.

ಮೊದಲಿಗೆ ಮರುಭೇಟಿಗೆ ಬರುವ ರೋಗಿಗಳಿಂದಲೇ ಆರಂಭಿಸಿ, ಕಾಗದದ ಶೀಟೂ ಜೊತೆಗಿರಲಿ. ಟೈಪ್ ಮಾಡುವುದಕ್ಕಿಂತ ತಿದ್ದುವುದಕ್ಕೇ ಹೆಚ್ಚು ಹೊತ್ತು ಹಿಡಿದರೆ ಮೈಕ್, ಟೆಂಪ್ಲೇಟ್ ಸರಿಪಡಿಸಿ. ಓದಿ ನೋಡುವ ಸಮಯವನ್ನು ಮಾತ್ರ ಕಡಿತ ಮಾಡಬೇಡಿ.