ನಳಿಕೆಯ ಮೂಲಕ ಊಟ: ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣದ ಚಿಕಿತ್ಸೆ



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳ ಜೊತೆ ಆಸ್ಪತ್ರೆಯ ಅಂದಾಜು ಪಟ್ಟಿ ಇರುತ್ತದೆ. ಶಸ್ತ್ರಚಿಕಿತ್ಸೆ, ಔಷಧಿ, ಹಾಸಿಗೆ ಬಾಡಿಗೆ ಎಲ್ಲವೂ ಅದರಲ್ಲಿ ನಮೂದಾಗಿರುತ್ತವೆ. ಆದರೆ ರೋಗಿ ಮನೆಗೆ ಬಂದ ಮೇಲೆ ನಳಿಕೆಯ ಮೂಲಕ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೊಡಬೇಕಾದ ಆಹಾರದ ಖರ್ಚು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಈ ಆಹಾರವೂ ಚಿಕಿತ್ಸೆಯ ಒಂದು ಭಾಗವೇ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಯಾರಿಗೆ, ಏಕೆ?

ಪಾರ್ಶ್ವವಾಯುವಿನಿಂದ ನುಂಗುವ ಶಕ್ತಿ ಕಳೆದುಕೊಂಡವರು, ತಲೆಗೆ ಪೆಟ್ಟು ಬಿದ್ದು ಎಚ್ಚರವಿಲ್ಲದವರು, ಬಾಯಿ, ಗಂಟಲು ಅಥವಾ ಅನ್ನನಾಳದ ಕ್ಯಾನ್ಸರ್ ಇರುವವರು ಬಾಯಿಂದ ಸರಿಯಾಗಿ ಊಟ ಮಾಡಲಾರರು. ಇಂಥವರಿಗೆ ಬಲವಂತವಾಗಿ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುವ ಅಪಾಯವಿದೆ. ಹೊಟ್ಟೆ, ಕರುಳು ಸರಿಯಾಗಿ ಕೆಲಸ ಮಾಡುತ್ತಿದ್ದರೆ ನಳಿಕೆಯ ಮೂಲಕ ಆಹಾರ ಕೊಡುವುದೇ ಸುರಕ್ಷಿತ ದಾರಿ.

ಗಂಟಲಿನ ಭಾಗಕ್ಕೆ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ 6ರಿಂದ 7 ವಾರ ನಡೆಯುತ್ತದೆ. ಆ ವೇಳೆ ಬಾಯಿ ಹುಣ್ಣಾಗಿ ರೋಗಿ ಊಟ ಬಿಡುತ್ತಾನೆ, ತೂಕ ಇಳಿಯುತ್ತದೆ, ನಿತ್ರಾಣನಾಗಿ ಚಿಕಿತ್ಸೆ ನಡುವೆ ನಿಲ್ಲಿಸಬೇಕಾಗಿ ಬರಬಹುದು. ನಡುವೆ ನಿಂತ ವಿಕಿರಣ ಚಿಕಿತ್ಸೆಯ ಫಲ ಕಡಿಮೆಯಾಗುತ್ತದೆ. ಅಂದರೆ ಆಹಾರ ತಪ್ಪಿದರೆ ದಾನಿಗಳು ಚಿಕಿತ್ಸೆಗೆ ಕೊಟ್ಟ ಹಣದ ಪೂರ್ಣ ಪ್ರಯೋಜನ ರೋಗಿಗೆ ಸಿಗುವುದಿಲ್ಲ.

ಎರಡು ಬಗೆಯ ನಳಿಕೆ

ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆಯನ್ನು ನಮ್ಮ ಆಸ್ಪತ್ರೆಗಳಲ್ಲಿ ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಇಂಗ್ಲೆಂಡಿನ ವೈದ್ಯ ಜಾನ್ ರೈಲ್ ಅವರ ಹೆಸರು ಅದಕ್ಕೆ ಬಂದಿದೆ. ಕೆಲವೇ ವಾರಗಳ ಅಗತ್ಯಕ್ಕೆ ಇದು ಸಾಕು. 4ರಿಂದ 6 ವಾರಕ್ಕಿಂತ ಹೆಚ್ಚು ಕಾಲ ಬೇಕಾದರೆ ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ನೇರವಾಗಿ ಜಠರಕ್ಕೆ ನಳಿಕೆ ಇಡುವುದನ್ನು ವೈದ್ಯರು ಸೂಚಿಸಬಹುದು. ಇದಕ್ಕೆ ಪೆಗ್ ಎನ್ನುತ್ತಾರೆ. ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಿಂದಲೇ ಇದನ್ನು ಇಡುವ ವಿಧಾನವನ್ನು ಅಮೆರಿಕದ ವೈದ್ಯರಾದ ಗೌಡರರ್ ಮತ್ತು ಪಾನ್ಸ್ಕಿ 1980ರಲ್ಲಿ ಪ್ರಕಟಿಸಿದರು.

ಮನೆಯವರು ನೆನಪಿಡಬೇಕಾದದ್ದು

1. ಆಹಾರ ಕೊಡುವಾಗ ರೋಗಿಯ ತಲೆ, ಎದೆ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ. ಆಮೇಲೂ ಅರ್ಧದಿಂದ ಒಂದು ಗಂಟೆ ಹಾಗೆಯೇ ಇರಲಿ.
2. ಮೂಗಿನ ಬಳಿ ನಳಿಕೆಯ ಮೇಲಿನ ಗುರುತನ್ನು ಪ್ರತಿ ಸಲ ನೋಡಿ. ಗುರುತು ಸರಿದಿದ್ದರೆ ಏನನ್ನೂ ಕೊಡಬೇಡಿ. ನಳಿಕೆಯನ್ನು ನೀವೇ ಒಳಗೆ ತಳ್ಳಬೇಡಿ, ದಾದಿಯರಿಗೆ ತೋರಿಸಿ.
3. ಆಹಾರಕ್ಕೆ ಮೊದಲು ಮತ್ತು ನಂತರ ಸುಮಾರು 30 ಮಿ.ಲೀ. ಕುದಿಸಿ ಆರಿಸಿದ ನೀರು ಹಾಕಿ. ಇಲ್ಲವಾದರೆ ನಳಿಕೆ ಕಟ್ಟಿಕೊಳ್ಳುತ್ತದೆ.
4. ಎಷ್ಟು, ಎಷ್ಟು ಸಲ ಎಂಬುದನ್ನು ಆಹಾರ ತಜ್ಞರು ಬರೆದುಕೊಡುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 200ರಿಂದ 300 ಮಿ.ಲೀ., ದಿನಕ್ಕೆ ಐದಾರು ಸಲ. ಸಿರಿಂಜಿನಿಂದ ಒತ್ತದೆ ನಿಧಾನವಾಗಿ ಇಳಿಯಲು ಬಿಡಿ.
5. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡಬಾರದು. ವೈದ್ಯರನ್ನು ಕೇಳಿ.
6. ಬಾಯಿಂದ ಊಟವಿಲ್ಲದಿದ್ದರೂ ದಿನಾ ಬಾಯಿ ಶುಚಿ ಮಾಡಿ.

ಕೆಮ್ಮು, ಉಬ್ಬಸ, ವಾಂತಿ, ಹೊಟ್ಟೆ ಉಬ್ಬರ ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಪೆಗ್ ನಳಿಕೆ ಹೊರಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕೆಲವೇ ಗಂಟೆಗಳಲ್ಲಿ ರಂಧ್ರ ಮುಚ್ಚಿಕೊಳ್ಳಬಹುದು.

ನಮ್ಮ ರಾಗಿ

ಡಬ್ಬಿಯ ಪುಡಿ ಅನುಕೂಲವಾದರೂ ದುಬಾರಿ. ಮನೆಯ ಆಹಾರ ಕೊಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಆಹಾರ ತಜ್ಞರು ಒಪ್ಪಿದರೆ ಕೊಡಬಹುದು. ಆದರೆ ಸಾಮಾನ್ಯ ರಾಗಿ ಗಂಜಿ ಆರುತ್ತಾ ಗಟ್ಟಿಯಾಗಿ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ರಾಗಿ ಹಿಟ್ಟಿನ ಗಂಜಿ ತೆಳುವಾಗಿರುತ್ತದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದೇ ಇದಕ್ಕೆ ಕಾರಣ. ಬೇಳೆ ಕಟ್ಟು, ಹಾಲು, ಎಣ್ಣೆ ಎಷ್ಟು ಸೇರಿಸಬೇಕೆಂದು ತಜ್ಞರಿಂದ ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದರೆ ಇದು ಇನ್ನೂ ಮುಖ್ಯ. ಆಹಾರವನ್ನು ಶೋಧಿಸಿಯೇ ಹಾಕಿ. ಆಗಿಂದಾಗ್ಗೆ ಮಾಡಿಕೊಳ್ಳಿ, ಹೊರಗಿಟ್ಟು ಗಂಟೆಗಟ್ಟಲೆ ಕಳೆದದ್ದನ್ನು ಬಳಸಬೇಡಿ.

ನಿಮ್ಮಿಂದ ಏನಾಗಬೇಕು?

ಪರೇಲಿನ ಟಾಟಾ ಆಸ್ಪತ್ರೆಗೆ ಕರ್ನಾಟಕದಿಂದಲೂ ರೋಗಿಗಳು ಬರುತ್ತಾರೆ. ಜೊತೆಗೆ ಬಂದ ತಾಯಿಗೋ ಹೆಂಡತಿಗೋ ಕನ್ನಡ ಬಿಟ್ಟು ಬೇರೆ ಭಾಷೆ ಬಾರದಿದ್ದರೆ, ಬಿಡುಗಡೆಯ ದಿನ ದಾದಿಯರು ಹಿಂದಿ, ಮರಾಠಿಯಲ್ಲಿ ಹೇಳಿದ್ದು ಪೂರ್ತಿ ಅರ್ಥವಾಗುವುದಿಲ್ಲ. ಮೇಲಿನ ಆರು ಅಂಶಗಳಲ್ಲಿ ಒಂದು ತಪ್ಪಿದರೂ ರೋಗಿ ಮತ್ತೆ ಆಸ್ಪತ್ರೆ ಸೇರಬೇಕಾದೀತು.

ಆದ್ದರಿಂದ ಸದಸ್ಯರಲ್ಲಿ ಎರಡು ವಿನಂತಿ. ಒಂದು, ಶಸ್ತ್ರಚಿಕಿತ್ಸೆಗೆ ಕೊಡುವ ಹಾಗೆಯೇ ಒಬ್ಬ ರೋಗಿಯ ಒಂದು ತಿಂಗಳ ಆಹಾರ, ಸಿರಿಂಜು, ನಳಿಕೆಯ ಖರ್ಚಿಗೂ ನೆರವಾಗಿ. ಕಾಣಿಕೆಯ ಜೊತೆ ‘ಆಹಾರಕ್ಕಾಗಿ’ ಎಂದು ಬರೆದರೆ ಸಾಕು. ಎರಡು, ಬಿಡುವಿರುವವರು ಬಿಡುಗಡೆಯ ದಿನ ಒಂದು ಗಂಟೆ ರೋಗಿಯ ಮನೆಯವರ ಪಕ್ಕದಲ್ಲಿ ನಿಂತು, ದಾದಿಯರ ಮಾತನ್ನು ಕನ್ನಡದಲ್ಲಿ ತಿಳಿಸಿ, ಚೀಟಿಯಲ್ಲಿ ಬರೆದುಕೊಡಿ. ಹೆಸರು ಕೊಡಲು ಬಯಸುವವರು ಸಂಘದ ಕಚೇರಿಯನ್ನು ಸಂಪರ್ಕಿಸಬೇಕಾಗಿ ಕೋರುತ್ತೇವೆ.